ಕಾಣದ ಸರಕಿನ ಧರ್ಮ

ಬಳಸಿದ ವಸ್ತುವನ್ನು ಮಾರುವವನು ಅದರ ಕುಂದನ್ನು ಹೇಳದೆ ಸುಮ್ಮನಿದ್ದರೆ ಅದು ಸುಳ್ಳೋ, ಕಳವೋ, ಕೊಂಡವನ ಎಚ್ಚರಗೇಡಿತನವೋ ಎಂಬ ಪ್ರಶ್ನೆ ಆನ್‌ಲೈನ್ ವ್ಯಾಪಾರದ ಜೊತೆಗೆ ಹುಟ್ಟಿದ್ದಲ್ಲ. ಆದರೆ ಸರಕನ್ನು ಕೈಯಲ್ಲಿ ಹಿಡಿದು ತಿರುವಿ ನೋಡುವ ಅವಕಾಶವೇ ಇಲ್ಲದ ಈ ವ್ಯಾಪಾರದಲ್ಲಿ ಆ ಪ್ರಶ್ನೆ ಹೆಚ್ಚು ಮೊನಚಾಗಿದೆ.

ಧರ್ಮಶಾಸ್ತ್ರಕಾರರು ವ್ಯಾಜ್ಯದ ವಿಷಯಗಳನ್ನು ವ್ಯವಹಾರಪದಗಳೆಂದು ವಿಂಗಡಿಸಿ, ಅವುಗಳಲ್ಲಿ ಕ್ರೀತಾನುಶಯಕ್ಕೆ, ಎಂದರೆ ಕೊಂಡವನು ಕೊಂಡದ್ದಕ್ಕಾಗಿ ಆಮೇಲೆ ಪಡುವ ಪಶ್ಚಾತ್ತಾಪಕ್ಕೆ, ಪ್ರತ್ಯೇಕ ಸ್ಥಾನ ಕೊಟ್ಟರು. ನಾರದಸ್ಮೃತಿಯ ಪ್ರಕಾರ ಹಿಡಿಸದ ಸರಕನ್ನು ಅದೇ ದಿನ, ಕೆಡಿಸದೆ, ಹಿಂದಿರುಗಿಸಬಹುದು. ಎರಡನೆಯ ದಿನವಾದರೆ ಬೆಲೆಯ 30ರಲ್ಲಿ ಒಂದು ಪಾಲನ್ನು, ಮೂರನೆಯ ದಿನವಾದರೆ ಅದರ ಎರಡರಷ್ಟನ್ನು ಬಿಟ್ಟುಕೊಡಬೇಕು. ಆಮೇಲೆ ಸರಕು ಕೊಂಡವನದೇ. ಯಾಜ್ಞವಲ್ಕ್ಯಸ್ಮೃತಿ ಪರೀಕ್ಷೆಯ ಅವಧಿಯನ್ನು ಸರಕಿಗೆ ತಕ್ಕಂತೆ ನಿಗದಿ ಮಾಡುತ್ತದೆ: ಕಬ್ಬಿಣಕ್ಕೆ 1 ದಿನ, ಕರೆಯುವ ಹಸುವಿಗೆ 3, ಹೊರೆ ಹೊರುವ ಎತ್ತಿಗೆ 5, ರತ್ನಕ್ಕೆ 7, ಬೀಜಕ್ಕೆ 10. (ಅದೇ ಪಟ್ಟಿಯಲ್ಲಿ ದಾಸದಾಸಿಯರೂ ಸರಕಾಗಿ ಬರುವುದನ್ನು ಮರೆತು ಈ ಗ್ರಂಥಗಳನ್ನು ಕೊಂಡಾಡುವುದು ಸಲ್ಲದು.) ಈ ಸ್ಮೃತಿಗೆ ವಿಜ್ಞಾನೇಶ್ವರನು ಮಿತಾಕ್ಷರಾ ವ್ಯಾಖ್ಯಾನವನ್ನು ರಚಿಸಿದ್ದು ಆರನೆಯ ವಿಕ್ರಮಾದಿತ್ಯನ ಕಲ್ಯಾಣದಲ್ಲಿ, ಎಂದರೆ ಇಂದಿನ ಬಸವಕಲ್ಯಾಣದಲ್ಲಿ. ದೋಷವು ಎಷ್ಟು ದಿನ ಅಡಗಿರಬಲ್ಲದೋ ಅಷ್ಟು ದಿನದ ಗಡುವು ಎಂಬುದು ಈ ಅವಧಿಗಳ ಹಿಂದಿನ ತರ್ಕವಾಗಿರಬೇಕು. ಬೀಜ ಮೊಳೆಯಬೇಕು, ಹಸುವನ್ನು ನಾಲ್ಕಾರು ಹೊತ್ತು ಕರೆದು ನೋಡಬೇಕು.

ಬಳಸಿದ ಸರಕಿನ ಬಗ್ಗೆ ಮಾತ್ರ ನಾರದನ ನಿಲುವು ಬಿಗಿಯಾದದ್ದು: ಉಟ್ಟು ಮಾಸಿದ, ನಲುಗಿದ ಬಟ್ಟೆಯನ್ನು ಕೊಂಡವನು ಅದರಲ್ಲಿ ದೋಷವಿದೆಯೆಂದು ಮಾರಿದವನಿಗೆ ಮರಳಿಸುವಂತಿಲ್ಲ. ಕೊಳೆ ಕಣ್ಣಿಗೆ ಕಾಣುತ್ತಿದ್ದಾಗಲೂ ಕೊಂಡವನು ದೂರುವುದೇನನ್ನು? ಈ ನಿಯಮ ನಿಂತಿರುವುದು ಕೊಳ್ಳುವವನ ಕಣ್ಣಿನ ಮೇಲೆ. ಆನ್‌ಲೈನಿನಲ್ಲಿ ಮಾರಾಟಕ್ಕಿಟ್ಟ ಸೆಕೆಂಡ್ ಹ್ಯಾಂಡ್ ಮೊಬೈಲಿನ ವಿಷಯದಲ್ಲಾದರೋ ಕೊಳ್ಳುವವನಿಗೆ ಸ್ವಂತ ಕಣ್ಣಿಲ್ಲ. ಬೆಳಕು ಯಾವ ಕಡೆಯಿಂದ ಬೀಳಬೇಕು, ಗೀರು ಬಿದ್ದ ಅಂಚು ಚಿತ್ರದಲ್ಲಿ ಬರಬೇಕೋ ಬೇಡವೋ ಎಂಬುದನ್ನು ನಿರ್ಧರಿಸುವವನು ಮಾರುವವನೇ. ಪಿನ್ನನ್ನು ಎಡಕ್ಕೆ ಒತ್ತಿ ಹಿಡಿದರೆ ಮಾತ್ರ ಚಾರ್ಜ್ ಆಗುತ್ತದೆ ಎಂಬುದಂತೂ ಯಾವ ಚಿತ್ರದಲ್ಲಿಯೂ ಕಾಣುವಂಥದ್ದಲ್ಲ. ಕಲಬೆರಕೆಯಾದದ್ದನ್ನು, ಕುಂದುಳ್ಳದ್ದನ್ನು, ತೂಕದಲ್ಲಿ ಕಡಿಮೆಯಾದದ್ದನ್ನು ಮಾರಬಾರದೆನ್ನುವ ಮನುಸ್ಮೃತಿಯು ಅದೇ ಉಸಿರಿನಲ್ಲಿ ದೂರದಲ್ಲಿರುವುದನ್ನೂ ತಿರೋಹಿತವನ್ನೂ, ಎಂದರೆ ಮರೆಯಾಗಿರುವುದನ್ನೂ, ಸೇರಿಸಿದ್ದು ಈ ಕಾರಣಕ್ಕೇ ಇರಬಹುದು. ಆ ನಿಷೇಧವನ್ನು ಇಂದು ಅಕ್ಷರಶಃ ಪಾಲಿಸಿದರೆ ವ್ಯಾಪಾರವೇ ನಿಲ್ಲುತ್ತದೆ, ಆದ್ದರಿಂದ ಅದನ್ನು ನಿಷೇಧವೆಂದಲ್ಲ, ಹೊಣೆಯ ವರ್ಗಾವಣೆಯೆಂದು ಓದುವುದು ಉಚಿತ: ಸರಕು ಮರೆಯಲ್ಲಿರುವಷ್ಟೂ ನೋಡುವ ಕರ್ತವ್ಯ ಕೊಳ್ಳುವವನಿಂದ ಕಳಚಿ, ತೋರಿಸುವ ಕರ್ತವ್ಯವಾಗಿ ಮಾರುವವನಿಗೆ ಅಂಟಿಕೊಳ್ಳುತ್ತದೆ.

1872ರ ಭಾರತೀಯ ಕರಾರು ಕಾಯಿದೆಯ 17ನೆಯ ಕಲಮು ಇದನ್ನು ಕುದುರೆಯ ನಿದರ್ಶನದಿಂದ ವಿವರಿಸುತ್ತದೆ. ಹರಾಜಿನಲ್ಲಿ ರೋಗಿಷ್ಠ ಕುದುರೆಯನ್ನು ಮಾರುವವನು ಸುಮ್ಮನಿದ್ದರೆ ಅದು ವಂಚನೆಯಲ್ಲ. ಕೊಳ್ಳುವವಳು ಆಗಷ್ಟೇ ಪ್ರಾಯಕ್ಕೆ ಬಂದ ಅವನದೇ ಮಗಳಾದರೆ ಹೇಳಲೇಬೇಕು. ನೀನು ಅಲ್ಲಗಳೆಯದಿದ್ದರೆ ಕುದುರೆ ಗಟ್ಟಿಯಾಗಿದೆಯೆಂದೇ ತಿಳಿಯುತ್ತೇನೆ ಎಂದು ಕೊಳ್ಳುವವನು ಮೊದಲೇ ಹೇಳಿದ್ದರೆ ಮೌನವೂ ಮಾತಿಗೆ ಸಮ. ಕಾಣದ ಸರಕಿಗೆ ಹಣ ಕಳಿಸುವ ಪ್ರತಿಯೊಬ್ಬನೂ, ಬಾಯಿಬಿಟ್ಟು ಹೇಳದಿದ್ದರೂ, ಈ ಮೂರನೆಯ ಮಾತನ್ನೇ ಹೇಳುತ್ತಿರುತ್ತಾನೆ ಎನ್ನಬಹುದು; ನ್ಯಾಯಾಲಯ ಅಷ್ಟು ದೂರ ಬರುವುದೋ ಇಲ್ಲವೋ, ಧರ್ಮವಿಚಾರ ಬರಲೇಬೇಕು.

ಜೈನಶಾಸ್ತ್ರ ಇನ್ನೊಂದು ಹೆಜ್ಜೆ ಮುಂದೆ ಹೋಗುತ್ತದೆ. ತತ್ತ್ವಾರ್ಥಸೂತ್ರವು ಗೃಹಸ್ಥನ ಅಣುವ್ರತಗಳಿಗೆ ತಗಲುವ ಅತಿಚಾರಗಳನ್ನು, ಎಂದರೆ ವ್ರತವನ್ನು ಮಾಸಲುಗೊಳಿಸುವ ತಪ್ಪುಗಳನ್ನು, ಐದೈದಾಗಿ ಹೇಳುವಾಗ ಪ್ರತಿರೂಪಕ ವ್ಯವಹಾರವನ್ನು, ಅಂದರೆ ಒಂದರ ಹೆಸರಿನಲ್ಲಿ ಅದರಂತೆ ಕಾಣುವ ಇನ್ನೊಂದನ್ನು ಕೊಡುವುದನ್ನು, ಸತ್ಯವ್ರತದ ಕೆಳಗಲ್ಲ, ಅಚೌರ್ಯವ್ರತದ ಕೆಳಗೆ ಇಡುತ್ತದೆ. ಈ ವರ್ಗೀಕರಣ ಸೂಕ್ಷ್ಮವಾದದ್ದು. ತಪ್ಪು ವರ್ಣನೆ ಬರಿಯ ಸುಳ್ಳಾಗಿದ್ದರೆ ಕ್ಷಮೆ ಕೇಳಿ ಮುಗಿಸಬಹುದಿತ್ತು. ಕಳವಾದ್ದರಿಂದ ತೆಗೆದುಕೊಂಡದ್ದನ್ನು ಮರಳಿಸದೆ ವ್ಯಾಜ್ಯ ತೀರುವುದಿಲ್ಲ. ಒಳ್ಳೆಯದನ್ನು ತೋರಿಸಿ ಕೆಟ್ಟದ್ದನ್ನು ಕೊಟ್ಟವನಿಂದ ಬೆಲೆಯ ಎರಡರಷ್ಟನ್ನೂ, ಅಷ್ಟೇ ದಂಡವನ್ನೂ ಕೊಡಿಸಬೇಕೆನ್ನುವ ನಾರದನ ವಿಧಿಯೂ ಕಳ್ಳನನ್ನು ನೋಡುವ ಕಣ್ಣಿನಿಂದಲೇ ಹುಟ್ಟಿದಂತಿದೆ.

ಅನುಶಯ ಬೇರೆ, ದೋಷ ಬೇರೆ ಎಂಬ ಹಳೆಯ ವಿವೇಕ ಕೊಂಡವನಿಗೂ ಅನ್ವಯಿಸುತ್ತದೆ. ಬೇರೆಡೆ ಇನ್ನೂ ಅಗ್ಗಕ್ಕೆ ಸಿಕ್ಕಿತೆಂದು ಮನಸ್ಸು ತಿರುಗಿದವನು ಇಲ್ಲದ ಗೀರನ್ನು ಹುಡುಕಿ ಹಣ ವಾಪಸು ಕೇಳಿದರೆ ಅವನೂ ಸರಕನ್ನು ತಪ್ಪಾಗಿ ವರ್ಣಿಸಿದವನೇ.

ಉಳಿಯುವುದು ನಿಜವಾಗಿಯೂ ತಿಳಿಯದೆ ಮಾರಿದವನ ಪ್ರಸಂಗ. ಎರಡು ವರ್ಷ ಪಿನ್ನನ್ನು ಎಡಕ್ಕೆ ಒತ್ತಿಯೇ ಚಾರ್ಜ್ ಮಾಡಿದವನ ಬೆರಳಿಗೆ ಅದು ರೂಢಿಯಾಗಿರುತ್ತದೆ. ವಸ್ತು ಹೇಗಿದೆ ಎಂದು ಕೇಳಿದರೆ ಚೆನ್ನಾಗಿದೆ ಎಂದು ಅವನು ಹೇಳುವುದು ಕಪಟದಿಂದಲ್ಲ. ಜೈನ ವ್ಯಾಖ್ಯಾನಕಾರರು ಹಿಂಸೆಯ ಲಕ್ಷಣದಲ್ಲಿ ಬರುವ ಪ್ರಮತ್ತಯೋಗವನ್ನು, ಎಂದರೆ ಎಚ್ಚರ ತಪ್ಪಿದ ಮನಸ್ಸಿನ ನಡೆಯನ್ನು, ಕಳವಿನ ಲಕ್ಷಣಕ್ಕೂ ಮುಂದುವರಿಸುತ್ತಾರೆ. ಆ ಲೆಕ್ಕದಲ್ಲಿ ಇಂಥ ಮಾರಾಟಗಾರನಿಗೆ ದಂಡವಿಲ್ಲದಿರಬಹುದು, ಆದರೆ ಹಣ ಮರಳಿಸುವ ಹೊಣೆ ತಪ್ಪದು. ಅವನ ಕಣ್ಣಿಗೆ ತಿರೋಹಿತವಾಗಿದ್ದ ಕುಂದು ಅವನ ಬೆರಳಿಗೆ ದಿನವೂ ಗೊತ್ತಿತ್ತು.