ಆರಿದ ಕಲ್ಲು, ಆರು ಮೂಲೆ

ಮಲ್ಪೆ ಬಂದರಿನಿಂದ ಬೋಟು ಹೊರಟಾಗ ಮಾವ ಎರಡೂ ಕೈಯಲ್ಲಿ ಕಂಬಿ ಹಿಡಿದು ಕೂತಿದ್ದರು. ಹರಪನಹಳ್ಳಿ ತಾಲ್ಲೂಕಿನ ನೀಲಗುಂದದಲ್ಲಿ ಒಕ್ಕಲುತನ ಮಾಡಿಕೊಂಡು ಬಂದ ಜೀವ. ಕೆರೆ ತುಂಬಿದರೆ ಅವರಿಗೆ ಅದೇ ಸಮುದ್ರ. ಅರ್ಧ ಗಂಟೆಯಲ್ಲಿ ಸೇಂಟ್ ಮೇರೀಸ್ ದ್ವೀಪ ಬಂತು. ತೆಂಗಿನ ಮರಗಳಾಚೆ, ನೀರಿನಂಚಿಗೆ, ಕಲ್ಲಿನ ಕಂಬಗಳು ಒತ್ತೊತ್ತಾಗಿ ನಿಂತಿದ್ದವು. ಮಾವ ಒಂದರ ತಲೆ ಸವರಿ ಮೂಲೆ ಎಣಿಸಿದರು.

"ಆರು ಅದಾವ ನೋಡಪ್ಪಾ. ಬ್ಯಾಸಿಗ್ಯಾಗ ನಮ್ಮ ಎರಿ ಹೊಲ ಬಿರಿದಂಗ ಐತಿ."

ನಾನು ಓದಿಕೊಂಡು ಹೋಗಿದ್ದೆ. ಸುಮಾರು ಒಂಬತ್ತು ಕೋಟಿ ವರ್ಷಗಳ ಹಿಂದೆ, ಭಾರತ ಮತ್ತು ಮಡಗಾಸ್ಕರ್ ಒಂದನ್ನೊಂದು ಬಿಟ್ಟು ಸರಿಯುವ ಕಾಲದಲ್ಲಿ ಉಕ್ಕಿದ ಲಾವಾ ಇದು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಇಲಾಖೆ ಇದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಸಾರಿತು. ಇಷ್ಟು ಗೊತ್ತಿದ್ದೂ ಎರೆ ಹೊಲ ನನಗೆ ಹೊಳೆದಿರಲಿಲ್ಲ. ಮಾವನ ಹೋಲಿಕೆ ಬರಿಯ ಹೋಲಿಕೆಯಲ್ಲ, ಕಾರಣವೂ ಅದೇ. ಲಾವಾ ಆರುತ್ತಾ ಕುಗ್ಗುತ್ತದೆ, ಕುಗ್ಗುವ ಎಳೆತಕ್ಕೆ ಬಿರಿಯುತ್ತದೆ, ಬಿರುಕು ಬಿಸಿಯ ಬೆನ್ನು ಹತ್ತಿ ಒಳಗಿಳಿಯುತ್ತದೆ. ನಿಧಾನವಾಗಿ ಆರಿದರೆ ಕಂಬ ದಪ್ಪ, ಬೇಗ ಆರಿದರೆ ಸಣ್ಣ. ಎರೆ ಮಣ್ಣು ನೀರು ಕಳೆದುಕೊಂಡು ಕುಗ್ಗುತ್ತದೆ, ಬಿರಿಯುತ್ತದೆ. ಕನ್ನಡದಲ್ಲಿ ತಣಿಯುವುದಕ್ಕೂ ಆರು, ಒಣಗುವುದಕ್ಕೂ ಆರು, ಎಣಿಕೆಗೂ ಆರು. ಆದರೆ ಎಲ್ಲ ಕಂಬಕ್ಕೂ ಆರೇ ಮೂಲೆ ಇಲ್ಲ; ಐದರವೂ ಏಳರವೂ ಇವೆ.

ನಮ್ಮ ನೀಲಗುಂದದ ಭೀಮೇಶ್ವರ ಗುಡಿಯ ಕಂಬಗಳನ್ನು ಚಾಲುಕ್ಯರ ಕಾಲದ ಶಿಲ್ಪಿಗಳು ಉಳಿ ಹಿಡಿದು ಕಡೆದರು. ಇಲ್ಲಿ ಉಳಿಯಿಲ್ಲ, ಶಿಲ್ಪಿಯಿಲ್ಲ. ಬಿರುಕೇ ರೂಪ ಕೊಟ್ಟಿದೆ. ನಮಗೋ ಬಿರುಕೆಂದರೆ ಕೇಡು. ಗೋಡೆ ಬಿರಿದರೆ ಮನೆಗೆ ಆಗದು, ಮನಸ್ಸು ಬಿರಿದರೆ ನಂಟಸ್ತನಕ್ಕೆ ಆಗದು.

ಇಳಿತದ ಹೊತ್ತು. ಕಂಬಗಳ ಬುಡಕ್ಕೆ ಸಿಂಪಿಗಳು ಕಚ್ಚಿಕೊಂಡಿದ್ದವು. ನಮ್ಮ ನೆರಳು ಬಿದ್ದದ್ದೇ ಏಡಿಯೊಂದು ಅಡ್ಡಡ್ಡ ಓಡಿ ಎರಡು ಕಂಬಗಳ ಸಂದಿಗೆ ನುಗ್ಗಿತು. ಮೇಲೆ ಗರುಡ ಸುತ್ತುತ್ತಿತ್ತು. ಏಡಿಯ ಕಣ್ಣು ಮಾತ್ರ ಹೊರಗೆ. ಕೂಡ್ಲಿಗಿ ತಾಲ್ಲೂಕಿನ ಗುಡೇಕೋಟೆಯ ಕರಡಿಧಾಮ ನೆನಪಾಯಿತು. ಅಲ್ಲೂ ಹೀಗೇ, ಬಿಸಿಲಿಳಿಯುವ ತನಕ ಕರಡಿ ಬಂಡೆಗಳ ಸಂದಿಯಲ್ಲೇ ಇರುತ್ತದೆ. ಕಡಲಲ್ಲಾಗಲಿ ಕೂಡ್ಲಿಗಿಯಲ್ಲಾಗಲಿ, ಇಡಿಯಾದ ಬಂಡೆ ಅಡಗುವವರಿಗೆ ಮನೆಯಾಗದು.

ಈ ಮಾತನ್ನು ಮಾವನ ಮುಂದೆ ಆಡಿದೆ. ಅವರು ಒಪ್ಪಲಿಲ್ಲ. "ಮಳಿ ಬಂದರ ಬಿರುಕಿನಾಗ ನೀರು ಇಳಿತೈತಿ, ಮ್ಯಾಲಿನ ಮಣ್ಣು ಒಳಗ ಬೀಳತೈತಿ, ಹೊಲ ತಾನೇ ಉತ್ತಂಗ. ಮಳಿ ಬರಲಿಲ್ಲಂದ್ರ? ಅದೇ ಬಿರುಕು ಬೇರು ಹರೀತೈತಿ."

ಬಿರುಕಿನಲ್ಲಿ ಚೆಲುವು ಹುಡುಕುವವನಿಗೆ ಬರದ ಲೆಕ್ಕ ಗೊತ್ತಿರುವುದಿಲ್ಲ. ಬಿರುಕು ಒಳ್ಳೆಯದೂ ಅಲ್ಲ, ಕೆಟ್ಟದ್ದೂ ಅಲ್ಲ, ಅದೊಂದು ಬಾಯಿ. ಮುಂದೆ ಅದಕ್ಕೆ ಏನು ಬೀಳುತ್ತದೆ ಎಂಬುದರ ಮೇಲೆ ಎಲ್ಲ ನಿಂತಿದೆ. ಮುರಿದ ನಂಟಿನ ಮಾತೂ ಇಷ್ಟೇ ಇರಬೇಕು. ಬಿರಿದದ್ದಕ್ಕಿಂತ, ಬಿರಿದ ಮೇಲೆ ಯಾರೂ ಒಂದು ಹನಿ ಹಾಕದೆ ಹೋದದ್ದೇ ಬೇರು ಹರಿಯುತ್ತದೆ.

ಹೊರಡುವಾಗ ಮಾವ ಮೊಮ್ಮಗಳಿಗೆಂದು ಒಂದು ಶಂಖ ಎತ್ತಿಕೊಂಡರು. ಅಂಗೈಯಲ್ಲಿ ಅದು ಅಲುಗಿತು. ಒಳಗೊಂದು ಪುಟ್ಟ ಏಡಿ. ಬಗ್ಗಿ, ಎತ್ತಿದಲ್ಲೇ ಇಟ್ಟರು.

ಊರಿಗೆ ಬಂದ ಮೇಲೆ, ಮುಂಗಾರಿಗೆ ಮುಂಚೆ, ಇಬ್ಬರೂ ಹೊಲಕ್ಕೆ ಹೋಗಿ ಬಿರುಕುಗಳ ಮೂಲೆ ಎಣಿಸಿದೆವು. ಹೆಚ್ಚಿನವಕ್ಕೆ ಐದು.