ಗೊತ್ತಿದ್ದೂ ತಡೆಯಲಾರದವನು

“ತಪ್ಪು ಒಪ್ಪು ಅವನಿಗೆ ಗೊತ್ತಿರಲಿಲ್ಲವೇ? ಗೊತ್ತಿದ್ದೇ ಮಾಡಿದ್ದಾನೆ, ಅನುಭವಿಸಲಿ.” ಯಾರಾದರೂ ಜೈಲು ಸೇರಿದಾಗ ನಾವು ಥಟ್ಟನೆ ಆಡುವ ಮಾತಿದು. ಆದರೆ ಪ್ರಿಯ ಓದುಗರೇ, ತಪ್ಪೆಂದು ಗೊತ್ತಿರುವುದೂ ತಡೆದುಕೊಳ್ಳಬಲ್ಲವನಾಗಿರುವುದೂ ಒಂದೇ ಏನು?

1848ರಲ್ಲಿ ಅಮೆರಿಕದ ವರ್ಮಾಂಟ್‌ನಲ್ಲಿ ರೈಲುಹಾದಿಗಾಗಿ ಬಂಡೆ ಸಿಡಿಸುತ್ತಿದ್ದ ಮೇಸ್ತ್ರಿ ಫಿನಿಯಸ್ ಗೇಜ್‌ನ ತಲೆಬುರುಡೆಯನ್ನು ಕಬ್ಬಿಣದ ಸಲಾಕೆಯೊಂದು ತೂರಿಕೊಂಡು ಹೋಯಿತು. ಅವನು ಬದುಕಿದ, ಮಾತು, ನೆನಪು ಉಳಿದವು. ಆದರೆ ಮೊದಲು ನಯವಾಗಿದ್ದವನು ಮುಂಗೋಪಿಯಾದ, ಬಾಯಿಗೆ ಬಂದಂತೆ ಬೈಯತೊಡಗಿದ. ಇವನು ನಮ್ಮ ಗೇಜ್ ಅಲ್ಲ ಎಂದರು ಗೆಳೆಯರು. ಅವನೇನೂ ಅಪರಾಧಿಯಾಗಲಿಲ್ಲ, ಮುಂದೆ ಚಿಲಿ ದೇಶದಲ್ಲಿ ಕುದುರೆಗಾಡಿ ಓಡಿಸಿ ದುಡಿದ. ತಲೆಗೆ ಪೆಟ್ಟು ಬಿದ್ದವರೆಲ್ಲ ಕೆಡುತ್ತಾರೆಂದು ಯಾರೂ ಭಾವಿಸಬಾರದು. ಆದರೂ ಹಣೆಯ ಹಿಂದಿನ ಮಿದುಳು ನಮ್ಮ ಸಿಟ್ಟಿಗೆ ಕಡಿವಾಣ. ಅದಕ್ಕೆ ಏಟಾದರೆ ಬುದ್ಧಿ ನೆಟ್ಟಗಿದ್ದೂ ಕೈ ಮುಂದಾಗಬಹುದು. ಹೆಲ್ಮೆಟ್ ಇಲ್ಲದೆ ಬೈಕಿನಿಂದ ಬಿದ್ದು ಬದುಕುಳಿದ ಮಗನಿರುವ ಮನೆಗಳಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ.

ನಮ್ಮ ಕಾನೂನು ಕೇಳುವುದು ತಿಳಿವಿನ ಪ್ರಶ್ನೆಯನ್ನು. ಹಳೆಯ ದಂಡ ಸಂಹಿತೆಯ 84ನೇ ಕಲಂ, 2024ರ ಜುಲೈಯಿಂದ ಭಾರತೀಯ ನ್ಯಾಯ ಸಂಹಿತೆಯ 22ನೇ ಕಲಂ, ಇದನ್ನೇ ಕೇಳುತ್ತದೆ: ಬುದ್ಧಿ ಸ್ವಸ್ಥವಿಲ್ಲದೆ, ತಾನು ಮಾಡುತ್ತಿರುವುದೇನು, ಅದು ತಪ್ಪೇ ಎಂದು ಅರಿಯಲಾರದ ಸ್ಥಿತಿಯಲ್ಲಿದ್ದನೇ? ಗೊತ್ತಿತ್ತು, ತಡೆಯಲಾಗಲಿಲ್ಲ ಎಂದರೆ ಅದರ ರಕ್ಷಣೆ ಸಿಗದು. ಧರ್ಮೋಪದೇಶ ತರಗತಿಯ ಮಕ್ಕಳಾದರೋ ಮಾರಕ ಪಾಪಕ್ಕೆ ಮೂರು ಬೇಕೆನ್ನುತ್ತಾರೆ: ಗಂಭೀರ ವಿಷಯ, ಪೂರ್ಣ ಅರಿವು, ಮನಃಪೂರ್ವಕ ಸಮ್ಮತಿ. ಮನಸ್ಸಿಗೆ ಸಂಬಂಧಿಸಿದ ಕಾರಣಗಳಿಂದ ಹೊಣೆ ಕಡಿಮೆಯಾಗಬಹುದು, ಇಲ್ಲವಾಗಲೂಬಹುದು ಎಂದು 1992ರ ಧರ್ಮೋಪದೇಶ ಗ್ರಂಥವೂ ಹೇಳುತ್ತದೆ.

ಹಾಗಾದರೆ ಎಲ್ಲವೂ ಮಿದುಳಿನ ಆಟ, ಪಾಪವೆಂಬುದೇ ಇಲ್ಲವೇ? ನಾನು ಒಪ್ಪಲಾರೆ. ಪೆಟ್ಟು ತಿಂದವನ ನೋವು ಸುಳ್ಳಲ್ಲ, ಅವನಿಗೂ ನ್ಯಾಯ ಬೇಕು. ಆದರೆ ಕುಂಟನ ನಡಿಗೆಯನ್ನು ಓಟಗಾರನ ಅಳತೆಯಿಂದ ಅಳೆಯುವುದು ನ್ಯಾಯವಲ್ಲ. ಶಿಕ್ಷೆಯನ್ನು ನಿರ್ಧರಿಸುವಾಗಲಾದರೂ ಈ ಗಾಯ ಲೆಕ್ಕಕ್ಕೆ ಬರಬೇಕು. ತೀರ್ಪಿನ ನಂತರ ತೀವ್ರ ಮನೋರೋಗಕ್ಕೆ ತುತ್ತಾದ ಕೈದಿಯೊಬ್ಬನ ಮರಣದಂಡನೆಯನ್ನು 2019ರಲ್ಲಿ ಸುಪ್ರೀಂ ಕೋರ್ಟು ಅದೇ ಕಾರಣಕ್ಕೆ ಜೀವಾವಧಿಗೆ ಇಳಿಸಿತು. ಮನೋರೋಗವಿರುವ ಕೈದಿಗೆ ಚಿಕಿತ್ಸೆ ಕೊಡಬೇಕೆಂದು 2017ರ ಮಾನಸಿಕ ಆರೋಗ್ಯ ಕಾಯ್ದೆಯೂ ವಿಧಿಸಿದೆ.

ಆದರೆ ಹೇಳದಿದ್ದರೆ ಯಾರಿಗೆ ತಿಳಿಯಬೇಕು? ಹುಚ್ಚನೆಂಬ ಹೆಸರು ಬಂದೀತು, ತಂಗಿಯ ಮದುವೆ ನಿಂತೀತು ಎಂದು ಮನೆಯವರು ಆಸ್ಪತ್ರೆಯ ಕಾಗದಗಳನ್ನು ಪೆಟ್ಟಿಗೆಯ ತಳದಲ್ಲಿ ಬಚ್ಚಿಡುತ್ತಾರೆ. ಆ ಹಳೆಯ ಸ್ಕ್ಯಾನ್, ಡಿಸ್ಚಾರ್ಜ್ ಚೀಟಿಗಳನ್ನು ವಕೀಲರಿಗೂ ಜೈಲಿನ ವೈದ್ಯರಿಗೂ ತಲುಪಿಸಿ. ಅವರು ಕೇಳಲೆಂದು ಕಾಯಬೇಡಿ.