ಇಂದಿನ ಧಮ್ಮ ಚಿಂತನೆ: ಹೇಸಿಗೆ



ಕಳೆದ ಸೋಮವಾರ ಶಾಲೆಗೆ ಹೊರಡುವಾಗ ನಮ್ಮ ಬೆಕ್ಕು ಚಿನ್ನು ಹಾಲ್‌ನಲ್ಲಿ ವಾಂತಿ ಮಾಡಿತು. ರಾತ್ರಿಯಿಂದ ಅದು ಮೂರನೇ ಸಲ. ನನಗೆ ಮೊದಲು ಬಂದದ್ದು ಕರುಣೆಯಲ್ಲ, ಹೇಸಿಗೆ. ಬೈದು, ಮುಖ ತಿರುಗಿಸಿಕೊಂಡೇ ಒರೆಸಿ, ಫಿನಾಯಿಲ್ ಸುರಿದೆ.

ಭೇದಿಯಾಗಿ ತನ್ನ ಮಲದಲ್ಲೇ ಬಿದ್ದಿದ್ದ ಭಿಕ್ಖುವನ್ನು ಭಗವಾನರು ಆನಂದರೊಡನೆ ತಾವೇ ತೊಳೆದದ್ದು ನಮಗೆಲ್ಲ ಗೊತ್ತು. ವಿನಯಪಿಟಕದ ಮಹಾವಗ್ಗದಲ್ಲಿ ಆ ಪ್ರಸಂಗದ ಮುಂದಿನ ಭಾಗವನ್ನು ನಾವು ಓದುವುದು ಕಡಿಮೆ. ರೋಗಿಯನ್ನು ನೋಡಿಕೊಳ್ಳುವವರಿಗೆ ಹಿತ ಯಾವುದು, ಅಹಿತ ಯಾವುದು ತಿಳಿದಿರಬೇಕು. ಮಲ, ಮೂತ್ರ, ಉಗುಳು, ವಾಂತಿ ತೆಗೆಯಲು ಹೇಸಬಾರದು ಎಂದಿದೆ ಅಲ್ಲಿ. ವಾಂತಿಯನ್ನು ಹೆಸರಿಟ್ಟೇ ಹೇಳಿದ್ದಾರೆ. (ಕನ್ನಡ ಮೇಷ್ಟ್ರಿಗೆ ಮೊದಲು ಕಣ್ಣಿಗೆ ಬೀಳುವುದು ಪದವೇ!)

ಸರಿಯಾಗಿ ನೋಡಿದ್ದರೆ ಮೊದಲ ಸಲವೇ ಕಾಣುತ್ತಿತ್ತು: ದಾರದ ತುಂಡು. ಯಡಿಯೂರಿನ ನಮ್ಮ ಬೀದಿಗೆ ಬರುವ ಹೂವಿನಮ್ಮನ ಹತ್ತಿರ ಕೊಂಡು, ಬುದ್ಧಮೂರ್ತಿಗೆ ಏರಿಸಿ, ಬಾಡಿದ ಮೇಲೆ ತೆಗೆದಿಟ್ಟಿದ್ದ ಮಲ್ಲಿಗೆಯ ದಾರ.

ಬೆಕ್ಕು ಆಗೊಮ್ಮೆ ಕೂದಲುಂಡೆ ಕಕ್ಕುವುದು ಇದ್ದದ್ದೇ. ಪದೇಪದೇ ಕಕ್ಕಿ, ಊಟ ಬಿಟ್ಟು, ಮೂಲೆ ಸೇರಿದರೆ ಕಾಯಬಾರದು. ನುಂಗಿದ ದಾರ ಒಂದು ಕಡೆ ಸಿಕ್ಕಿಕೊಂಡರೆ ಕರುಳು ನೆರಿಗೆಗಟ್ಟಿ ಹರಿದುಹೋಗಬಹುದು. ತುದಿ ಬಾಯಲ್ಲಿ ಕಂಡರೂ ಎಳೆಯಬೇಡಿ ಎಂದರು ಪಶುವೈದ್ಯರು. ಮನೆಯ ಮಾತ್ರೆಯಂತೂ ಬೇಡವೇ ಬೇಡ. ಪ್ಯಾರಸಿಟಮಾಲ್ ಬೆಕ್ಕಿಗೆ ಪ್ರಾಣಾಂತಕ. ಫಿನಾಯಿಲ್ ಕೂಡ ವಿಷವೇ ಎಂದಾಗ ನಾನು ತಲೆ ತಗ್ಗಿಸಿದೆ.

ಆಪರೇಷನ್ ಆಗಿ ಇಂದಿಗೆ ನಾಲ್ಕು ದಿನ. ಬೆಳಗ್ಗೆ ಒಂದಿಷ್ಟು ನೆಕ್ಕಿ, ಮತ್ತೆ ಸ್ವಲ್ಪ ಕಕ್ಕಿದ. ಬರಿಯ ನೊರೆ. ಕೂತು ನೋಡಿ, ಬಿಸಿನೀರಿನ ಬಟ್ಟೆಯಲ್ಲಿ ಒರೆಸಿದೆ.